ಕರ್ತೃ ಕಾಣೆಯಾಗಿದ್ದಾರೆ

ನನ್ನ ಮಗ ಶ್ರೀರಾಮಚಂದ್ರನನ್ನು ಕೊಂದ ಸುದ್ದಿ ನನಗೆ ಗೊತ್ತಾದದ್ದು ಸ್ಟಾಫ್ ರೂಮಿನಲ್ಲಿ, ಹತ್ತೂಮುಕ್ಕಾಲರ ಕಾಫಿ ಹೊತ್ತಿಗೆ. ಮಗ ಓದುವುದು ನಮ್ಮ ಹೈಸ್ಕೂಲಿನಲ್ಲೇ, ಹತ್ತನೇ ಕ್ಲಾಸು, ಬಿ ಸೆಕ್ಷನ್. ಎ ಸೆಕ್ಷನ್ನಿಗೆ ಇಂಗ್ಲಿಷ್ ತೆಗೆದುಕೊಳ್ಳುವವಳು ನಾನು. ಸ್ವಂತ ಮಗನಿಗೇ ಪಾಠ ಮಾಡಿ ಅಂಕ ಹಾಕಿದಳು ಎಂದು ಯಾರಾದರೂ ಅಂದಾರು ಎಂದು ನಾನೇ ಹೆಡ್‌ಮಾಸ್ತರಿಗೆ ಹೇಳಿ ಅವನನ್ನು ಆಚೆ ದಾಟಿಸಿದ್ದೆ. ಹಾಗಾಗಿ ಪ್ರಿಪರೇಟರಿ ಪರೀಕ್ಷೆಯ ಅವನ ಪೇಪರು ಸಹೋದ್ಯೋಗಿಯೊಬ್ಬರ ಕೈಗೆ ಹೋಗಿತ್ತು. ಅವರು ಏನೂ ಮಾತಾಡದೆ ಆ ಪೇಪರನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿ, ಬಿಸ್ಕತ್ತನ್ನು ಕಾಫಿಗೆ ಅದ್ದಿದರು.

ಪ್ರಶ್ನೆ ಸರಳವಾಗಿತ್ತು. 'ರಾಮ ಕಿಲ್ಡ್ ರಾವಣ', ವಾಯ್ಸ್ ಬದಲಾಯಿಸಿ. ಮಗರಾಯ ದುಂಡಗೆ ಬರೆದಿದ್ದ: 'ರಾಮ ವಾಸ್ ಕಿಲ್ಡ್ ಬೈ ರಾವಣ.' ವಾಸ್ ಹಾಕಿದ್ದ, ವಿ-ತ್ರೀ ಹಾಕಿದ್ದ, ಬೈ ಹಾಕಿದ್ದ. ನಾನು ಕಲಿಸುವ ಮೂರು ಸೂತ್ರಗಳೂ ಅಲ್ಲಿದ್ದವು. ಯುದ್ಧದ ಫಲಿತಾಂಶ ಒಂದು ಬದಲಾಗಿತ್ತು, ಅಷ್ಟೆ.

"ಪರವಾಗಿಲ್ಲ ಬಿಡಿ, ಒಂದು ಮಾರ್ಕಿನ ಪ್ರಶ್ನೆ" ಎಂದರು ಸಹೋದ್ಯೋಗಿ. 625ರಲ್ಲಿ ಒಂದು. ಆದರೆ ಅವರು ಅದನ್ನು ಹೇಳಿದ ರೀತಿಯಲ್ಲೇ ಉಳಿದ 624 ಕೂಡ ಹೋದಂತೆ ನನಗೆ ಕೇಳಿಸಿತು. ಹದಿನೆಂಟು ವರ್ಷದಿಂದ ಊರ ಮಕ್ಕಳಿಗೆಲ್ಲ ಆಕ್ಟಿವ್ ಪ್ಯಾಸಿವ್ ಕಲಿಸುತ್ತಿರುವವಳು ನಾನು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕರೆಂಟೇ ಹೋಗಿತ್ತು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದದ್ದೇ ಊಟದ ಮೇಜಿನ ಮೇಲೆ ಗಡಿಯಾರ, ರಫ್ ನೋಟ್‌ಬುಕ್ಕು, ಸ್ಕೇಲು ಎಲ್ಲ ಇಟ್ಟುಕೊಂಡು ಕೂತೆ. ವಿದ್ಯಾರ್ಥಿಗಳು ಮೂವರು: ಮಗ, ಒಂಬತ್ತನೇ ಕ್ಲಾಸಿನ ಮಗಳು ಪುಟ್ಟಿ, ಮತ್ತು 'ಆಂಟಿ ಹೇಗೂ ಹೇಳ್ಕೊಡ್ತಾರಂತೆ' ಎಂದು ಅವರಮ್ಮ ಕಳಿಸಿದ್ದ ಎದುರುಮನೆ ಹುಡುಗ. ಪಕ್ಕದಲ್ಲಿ ಚಾಪೆ ಹಾಕಿಕೊಂಡು ನಮ್ಮತ್ತೆ ಅವರೆಕಾಳು ಹಿತುಕುತ್ತಿದ್ದರು. ಹಾಸನದಲ್ಲಿ ಅವರೆಯ ಕಾಲದಲ್ಲಿ ಯಾವ ಮನೆಗೆ ಹೋದರೂ ಒಂದು ಬೋಗುಣಿಯಲ್ಲಿ ಅವರೆಕಾಳು ನೆನೆಯುತ್ತಿರುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಸಿಕ್ಕಿಸಿ ಅತ್ತೆ ಒಮ್ಮೆ ಒತ್ತಿದರೆ ಸಾಕು, ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ನಾನು ಒತ್ತಿದರೆ ಬೇಳೆ ಸೋಫಾ ಕೆಳಗೆ ಹೋಗುತ್ತದೆ. ಅದಕ್ಕೇ ನನಗೆ ಆ ಕೆಲಸ ಕೊಡುವುದಿಲ್ಲ.

ಮೊದಲು ಮಗನ ಉತ್ತರವನ್ನು ಗಟ್ಟಿಯಾಗಿ ಓದಿಸಿದೆ. ಇಂಗ್ಲಿಷ್ ಬಾರದಿದ್ದರೂ ರಾಮ, ರಾವಣ, ಕಿಲ್ ಮೂರೂ ಅತ್ತೆಗೆ ಗೊತ್ತು. ಕೈಯಲ್ಲಿದ್ದ ಕಾಳು ಹಾಗೇ ನಿಂತಿತು.

"ಏನಂದ ಅವನು?"

"ಏನಿಲ್ಲ ಅತ್ತೆ, ತಪ್ಪು ಬರೆದಿದಾನೆ. ರಾಮನ್ನೇ ರಾವಣ ಕೊಂದ ಅಂತ."

"ಅಯ್ಯೋ ಶಿವನೇ! ಸ್ಕೂಲಲ್ಲಿ ಇದನ್ನಾ ಹೇಳ್ಕೊಡೋದು ನೀನು?"

"ನಾನಲ್ಲ ಅತ್ತೆ, ಬಿ ಸೆಕ್ಷನ್ನಿಗೆ ಬೇರೆಯವರು" ಎಂದೆ. ನೋಡಿ, ಆಗಲೇ ನಾನು ಕರ್ತೃವನ್ನು ಬದಲಾಯಿಸಿಯಾಗಿತ್ತು.

ಮಗನ ವಾದ ಬೇರೆ ಇತ್ತು. "ಅಮ್ಮಾ, ಕನ್ನಡದಲ್ಲಿ ಹೇಗೆ ತಿರುಗಿಸಿದ್ರೂ ರಾವಣನೇ ಸಾಯ್ತಾನಲ್ಲ. ಇಂಗ್ಲಿಷಲ್ಲಿ ಯಾಕೆ ಸಾಯಲ್ಲ?"

ಬೈಯಲು ಬಾಯಿ ತೆರೆದವಳು ಮುಚ್ಚಿದೆ. ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು. ರಾಮ ರಾವಣನನ್ನು ಕೊಂದ. ರಾವಣನನ್ನು ರಾಮ ಕೊಂದ. ಕೊಂದ ರಾಮ, ರಾವಣನನ್ನು. ಹರಿಕಥೆ ದಾಸರು ಹೀಗೂ ಹೇಳುತ್ತಾರೆ. ಹೇಗೆ ಹೇಳಿದರೂ ಸಾಯುವವನು ರಾವಣನೇ, ಯಾಕೆಂದರೆ 'ಅನ್ನು' ಅನ್ನುವ ದ್ವಿತೀಯಾ ವಿಭಕ್ತಿ ಅವನ ಬೆನ್ನಿಗೆ ಅಂಟಿಕೊಂಡಿದೆ. ರಿಸರ್ವೇಶನ್ ಮಾಡಿಸಿದವನ ಹಾಗೆ ಅವನು ಬಸ್ಸಿನಲ್ಲಿ ಎಲ್ಲಿ ಓಡಾಡಿದರೂ ಸೀಟು ಅವನದೇ. ಇಂಗ್ಲಿಷಿನಲ್ಲಿ ಆ ಟಿಕೆಟ್ಟಿಲ್ಲ. ಅದು ಸಂತೆ ದಿನದ ಬಸ್ಸು, ಟವೆಲ್ ಹಾಕಿ ಮುಂದಿನ ಸೀಟು ಹಿಡಿದವನೇ ಕೊಂದವನು. ಆದ್ದರಿಂದ ರಾವಣನನ್ನು ಮುಂದಕ್ಕೆ ತರಬೇಕಾದರೆ ಅವರಿಗೆ ವಾಸ್, ವಿ-ತ್ರೀ, ಬೈ ಎಂದು ಇಷ್ಟೆಲ್ಲ ಸಾಮಾನು ಬೇಕು. ನಮಗೆ ಎರಡು ಪದಗಳ ಜಾಗ ಅದಲುಬದಲು ಮಾಡಿದರೆ ಮುಗಿಯಿತು.

ಹದಿನೆಂಟು ವರ್ಷದಲ್ಲಿ ಒಂದು ದಿನವೂ ನಾನು ಇದನ್ನು ಬೋರ್ಡಿನ ಮೇಲೆ ಬರೆದಿರಲಿಲ್ಲ. ಆದರೂ "ಅದನ್ನೇ ನಾನೂ ಹೇಳೋಕೆ ಹೊರಟಿದ್ದೆ" ಎಂದೆ. ಮೇಷ್ಟ್ರ ಕಸುಬಿನಲ್ಲಿ ಈ ವಾಕ್ಯ ಬಹಳ ಉಪಯೋಗಕ್ಕೆ ಬರುತ್ತದೆ.

ಪುಟ್ಟಿ ಕೈ ಎತ್ತಿದಳು. "ಕನ್ನಡದಲ್ಲೂ ಕರ್ಮಣಿ ಪ್ರಯೋಗ ಇದೆಯಲ್ಲಮ್ಮಾ. ರಾಮನಿಂದ ರಾವಣನು ಕೊಲ್ಲಲ್ಪಟ್ಟನು."

ಇದೆ. ಪಠ್ಯಪುಸ್ತಕದಲ್ಲಿದೆ. ಆದರೆ ಮನೆಯಲ್ಲಿ ಯಾರಾದರೂ 'ನನ್ನಿಂದ ದೋಸೆ ತಿನ್ನಲ್ಪಟ್ಟಿತು' ಎಂದದ್ದು ಕೇಳಿದ್ದೀರಾ? 'ಪಡು' ಎಂದರೆ ಅನುಭವಿಸುವುದು. ಕಷ್ಟಪಡು, ದುಃಖಪಡು, ಅದೇ ಪಡು. ತಿನ್ನಲ್ಪಟ್ಟ ದೋಸೆ ಎಂದ ಕೂಡಲೇ ನನಗೆ ಆ ದೋಸೆಯ ಮೇಲೆ ಮರುಕ ಬರುತ್ತದೆ. ಇನ್ನು 'ನನ್ನಿಂದ' ಅನ್ನುವ ಪದ ನಮ್ಮ ಮನೆಯಲ್ಲಿ ಕೇಳಿಬರುವುದೇ ಒಂದು ಕ್ರಿಯಾಪದದ ಜೊತೆ: 'ನನ್ನಿಂದಾಗಲ್ಲ.'

ಶಿಸ್ತಾಗಿ ಹೋಗೋಣವೆಂದು ಒಳಗಿನಿಂದ ನಮ್ಮಪ್ಪನ ಕಾಲದ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕ ತಂದೆ. ಬೆನ್ನು ಬಿಟ್ಟುಹೋಗಿದೆ, ಮೈದಾ ಅಂಟು ಹಚ್ಚಿ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ್ದೇನೆ. ಈ ರೆನ್ ಮಹಾಶಯ ಕರಾಚಿಯಲ್ಲಿ ಹೆಡ್‌ಮಾಸ್ತರಾಗಿದ್ದವನು, ಆದರೆ ಜಗತ್ತಿಗೆ ಅವನು ಗೊತ್ತಿರುವುದು ಕಾದಂಬರಿಕಾರನಾಗಿ. 1924ರಲ್ಲಿ 'ಬೋ ಜೆಸ್ಟ್' ಎಂಬ ಸಾಹಸ ಕಥೆ ಬರೆದ. ಒಂದು ಬಂಗಲೆಯಲ್ಲಿ ದೊಡ್ಡ ನೀಲಮಣಿ ಕಳುವಾಗುತ್ತದೆ. ಮೂವರು ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು, ಕದ್ದವನು ನಾನೇ ಎಂದು ತಪ್ಪು ಮೈಮೇಲೆ ಎಳೆದುಕೊಂಡು, ಮನೆ ಬಿಟ್ಟು ಫ್ರೆಂಚರ ಮರುಭೂಮಿ ಸೈನ್ಯಕ್ಕೆ ಸೇರುತ್ತಾರೆ. ಮಕ್ಕಳಿಗೆ ಈ ಕಥೆ ಹೇಳಿದೆ. ಅವರಿಗೆ ನಂಬಿಕೆಯೇ ಬರಲಿಲ್ಲ.

"ಮೂರು ಜನಾನೂ ನಾನೇ ಅಂದ್ರಾ?" ಎಂದ ಎದುರುಮನೆ ಹುಡುಗ. ಅವನ ಮನೆಯಲ್ಲೂ ಅಣ್ಣ ಇದ್ದಾನೆ.

ನಮ್ಮ ಮನೆಯಲ್ಲಿ ಆ ನೀಲಮಣಿ ಇದ್ದಿದ್ದರೆ ಅದು ಸುಮ್ಮನೆ 'ಕಾಣ್ತಾ ಇಲ್ಲ' ಆಗಿರುತ್ತಿತ್ತು. ನಮ್ಮಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲ ತಾನಾಗಿ ಆಗುತ್ತದೆ. ಹಾಲು ಉಕ್ಕುತ್ತದೆ. ರಿಮೋಟು ಬೀಳುತ್ತದೆ. ಮೊಬೈಲ್ ಡೇಟಾ ಖಾಲಿಯಾಗುತ್ತದೆ. ಚಾರ್ಜರ್ ವೈರು ಕಿತ್ತುಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟ ಮೈಸೂರುಪಾಕು ಮುಗಿದುಹೋಗುತ್ತದೆ. ತಿಂದವರು ಮಾತ್ರ ಇಲ್ಲ. ಪ್ಯಾಸಿವ್ ಎಂಬುದು ಇಂಗ್ಲಿಷಿನವರಿಗೆ ಬೇಕು, ಕನ್ನಡಿಗರಿಗೆ 'ಹೋಯ್ತು' ಒಂದಿದ್ದರೆ ಸಾಕು. ಹೊರಗಡೆಯದಾದರೆ ಇನ್ನೂ ಸುಲಭ: ರಸ್ತೆ ಅಗೆದಿದಾರೆ, ನೀರು ಬಿಟ್ಟಿಲ್ಲ, ಕರೆಂಟ್ ತೆಗೆದಿದಾರೆ. ಯಾರು? ಅದನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ಪಾಠ ಮುಂದುವರಿಯಿತು. ಕರ್ಮವಿಲ್ಲದ ಕ್ರಿಯಾಪದಕ್ಕೆ ಪ್ಯಾಸಿವ್ ಬರುವುದಿಲ್ಲ ಎಂದೆ. ಗೋ, ಕಮ್, ಸ್ಲೀಪ್. "ಹಾಗಾದ್ರೆ ನಾನು ಮಾಡೋದೆಲ್ಲ ಪ್ಯಾಸಿವ್ ಇಲ್ಲದ್ದೇ" ಎಂದ ಮಗ, ಹೆಮ್ಮೆಯಿಂದ. ಒಂಬತ್ತನೇ ಕ್ಲಾಸಿನಲ್ಲಿ ಸಂಸ್ಕೃತ ತೆಗೆದುಕೊಂಡಿರುವ ಪುಟ್ಟಿ ಬಿಡಲಿಲ್ಲ. ಸಂಸ್ಕೃತದಲ್ಲಿ ಮಲಗುವುದಕ್ಕೂ ಪ್ರಯೋಗವಿದೆಯಂತೆ, ಭಾವೇ ಪ್ರಯೋಗ. 'ಮಯಾ ಸುಪ್ಯತೇ', ನನ್ನಿಂದ ಮಲಗಲಾಗುತ್ತದೆ. ಅಂದಿನಿಂದ ಮಗ ಬೆಳಿಗ್ಗೆ ಎಬ್ಬಿಸಲು ಹೋದರೆ ಹೊದಿಕೆಯೊಳಗಿಂದ ಸಂಸ್ಕೃತ ಮಾತಾಡುತ್ತಾನೆ.

ಇಂಗ್ಲಿಷಿನಲ್ಲಿ ಹುಟ್ಟುವುದು ಪ್ಯಾಸಿವ್, ಸಾಯುವುದು ಆಕ್ಟಿವ್ ಎಂದು ನಾನು ಒಂದು ಸ್ವಾರಸ್ಯ ಹೇಳಲು ಹೋದದ್ದು ತಪ್ಪಾಯಿತು. ಐ ವಾಸ್ ಬಾರ್ನ್. ಹುಟ್ಟಿದವರು ತಾವೇ ಏನೂ ಮಾಡಿದ್ದಲ್ಲ, ಹೆತ್ತವರು ಬೇರೆ ಇದ್ದಾರೆ ಎಂದು ವಿವರಿಸಿದೆ.

ಅತ್ತೆ ಕತ್ತೆತ್ತಿ "ಈಗ ಸರಿಯಾಗಿ ಹೇಳಿದೆ ನೋಡು" ಎಂದರು. ಆಮೇಲೆ ನಮ್ಮ ಯಜಮಾನರು ಹುಟ್ಟುವಾಗ ಎರಡು ದಿನ ಪಟ್ಟ ಪಾಡು, ಸೂಲಗಿತ್ತಿ, ಎತ್ತಿನ ಗಾಡಿ, ಮಳೆ, ಎಲ್ಲ ಬಂತು. ಹುಟ್ಟಿದವರು ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಒಂದು ಸಲವೂ ಹಾಳೆ ತಗ್ಗಿಸಲಿಲ್ಲ. ಎಷ್ಟು ಪ್ಯಾಸಿವ್ ಎಂದು ಮಕ್ಕಳಿಗೆ ಉದಾಹರಣೆ ತೋರಿಸುವ ಮನಸ್ಸಾಯಿತು, ತಡೆದುಕೊಂಡೆ.

ಅವರ ವಿಷಯ ಬಂತಾದ್ದರಿಂದ ಹೇಳಿಬಿಡುತ್ತೇನೆ. ಅವರು ಸರ್ಕಾರಿ ಕಚೇರಿಯಲ್ಲಿದ್ದಾರೆ, ಇಪ್ಪತ್ತೆರಡು ವರ್ಷದಿಂದ ಕಡತಕ್ಕೆ ಟಿಪ್ಪಣಿ ಬರೆಯುತ್ತಾರೆ. ಪರಿಶೀಲಿಸಲಾಗಿದೆ, ಮಂಡಿಸಲಾಗಿದೆ, ಸೂಚಿಸಲಾಗಿದೆ, ಕ್ರಮ ಕೈಗೊಳ್ಳಲಾಗುವುದು. ಕನ್ನಡದಲ್ಲಿ ಕರ್ಮಣಿ ಪ್ರಯೋಗ ಎಲ್ಲಿಯಾದರೂ ಉಂಡುಟ್ಟು ಸುಖವಾಗಿದ್ದರೆ ಅದು ಆ ಕಡತಗಳ ನಡುವೆ. ಅಲ್ಲಿ ಎಲ್ಲವೂ ಮಾಡಲಾಗಿರುತ್ತದೆ, ಮಾಡಿದವನು ಮಾತ್ರ ಊಟಕ್ಕೆ ಹೋಗಿರುತ್ತಾನೆ. ಒಮ್ಮೆ ತರಕಾರಿ ತರಲು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ. ಸಂಜೆ ಅದರ ಕೆಳಗೆ ಅವರ ಅಕ್ಷರ: 'ನೋಡಲಾಗಿದೆ.' ಕೆಳಗೆ ಪುಟ್ಟ ಸಹಿ, ದಿನಾಂಕ.

"ನೀವು ಒಂದು ಮಾತು ಹೇಳ್ರೀ, ಮಕ್ಕಳಿಗೆ" ಎಂದೆ.

ಪೇಪರಿನ ಹಿಂದಿನಿಂದ ದನಿ ಬಂತು. "ಕರ್ತೃ ಇಟ್ರೆ ಆಡಿಟ್ಟಲ್ಲಿ ಸಿಕ್ಕಾಕೊಳ್ತೀರ. ತೆಗೆದುಬಿಡಿ."

ಇದು ಹಾಸನದ ಕಚೇರಿಯ ಜಾಣತನ ಮಾತ್ರ ಅಂದುಕೊಳ್ಳಬೇಡಿ. 1987ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್, ಇರಾನಿಗೆ ಗುಟ್ಟಾಗಿ ಆಯುಧ ಮಾರಿದ ಹಗರಣ ಬಯಲಾದಾಗ ತಮ್ಮ ಸಂಸತ್ತಿನ ಮುಂದೆ ನಿಂತು ಹೇಳಿದ್ದೂ ಇದನ್ನೇ: ಮಿಸ್ಟೇಕ್ಸ್ ವರ್ ಮೇಡ್. ತಪ್ಪುಗಳು ಮಾಡಲ್ಪಟ್ಟವು. ಯಾರಿಂದ ಎಂಬ ಜಾಗ ಖಾಲಿ. ನಮ್ಮ ಯಜಮಾನರು ಅದನ್ನು ಕೇಳಿ ಮೊದಲ ಸಲ ಪೇಪರ್ ತಗ್ಗಿಸಿ, "ಒಳ್ಳೇ ಡ್ರಾಫ್ಟಿಂಗು" ಎಂದರು.

ಇದಕ್ಕೆ ಎದುರಾಗಿ ನಾನು ಜಾರ್ಜ್ ಆರ್ವೆಲ್‌ನನ್ನು ತಂದೆ. ನಮ್ಮ ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದವನು, ಆಕ್ಟಿವ್ ಹಾಕಲು ಸಾಧ್ಯವಿರುವ ಕಡೆ ಪ್ಯಾಸಿವ್ ಹಾಕಲೇಬೇಡಿ ಎಂದು 1946ರ ಒಂದು ಪ್ರಬಂಧದಲ್ಲಿ ಕಟ್ಟುನಿಟ್ಟಾಗಿ ಹೇಳಿದವನು. ಆ ಪ್ರಬಂಧದ ಮೊದಲ ವಾಕ್ಯದಲ್ಲೇ ಒಂದು ಪ್ಯಾಸಿವ್ ಕಾಲು ಚಾಚಿ ಕೂತಿದೆ ಅನ್ನುವುದನ್ನು ಮಕ್ಕಳಿಗೆ ಹೇಳಲಿಲ್ಲ. ಮನೆಯಲ್ಲಿ ಮಾಡು ಅಂದದ್ದನ್ನೇ ತಾವು ಮಾಡದವರು ಈಗಾಗಲೇ ಸಾಕಷ್ಟಿದ್ದಾರೆ.

"ಹಾಕ್ಲೇಬೇಡಿ ಅಂದಿದ್ರೆ ನೀನ್ಯಾಕೆ ಕಲಿಸ್ತಿದೀಯ?" ಎಂದ ಮಗ.

"ಅವನು ಎಸ್ಸೆಸ್ಸೆಲ್ಸಿ ಬರೀಬೇಕಿರ್ಲಿಲ್ಲ ಕಣೋ. ನೀನು ಬರೀಬೇಕು."

ಹನ್ನೊಂದೂವರೆಗೆ ಸರಿಯಾಗಿ ಅಭ್ಯಾಸಕ್ಕೆ ಬಂದೆವು. ಒಲೆಯ ಮೇಲೆ ಹಿತಕಿದ ಬೇಳೆ ಸಾರು ಸಣ್ಣ ಉರಿಯಲ್ಲಿ ಕುದಿಯುತ್ತಿತ್ತು, ತೆಂಗಿನಕಾಯಿ ಮಸಾಲೆಯ ವಾಸನೆ ಮನೆಯೆಲ್ಲ ತುಂಬಿತ್ತು. ಬೈ ಯಾವಾಗ ಬೇಕು, ಯಾವಾಗ ಬೇಡ ಎನ್ನುವುದು ಪಾಠ. ಸಮ್‌ಒನ್, ಪೀಪಲ್, ದೇ, ಇಂಥವು ಕರ್ತೃವಾಗಿದ್ದರೆ ಬೈ ಬಿಟ್ಟುಬಿಡಬಹುದು, ಯಾರೆಂದು ಗೊತ್ತಿಲ್ಲವಲ್ಲ. ನೀವೇ ಒಂದೊಂದು ಉದಾಹರಣೆ ಕೊಡಿ ಎಂದೆ. ಎದುರುಮನೆ ಹುಡುಗ ಕಿಟಕಿ ಗಾಜು ಒಡೆದ. ಇಂಗ್ಲಿಷ್ ವ್ಯಾಕರಣದಲ್ಲಿ ಎಲ್ಲ ಹುಡುಗರೂ ಅದನ್ನೇ ಒಡೆಯುವುದು. ಮಗ ಬೆಕ್ಕಿನಿಂದ ಇಲಿ ಕೊಲ್ಲಿಸಿದ. ಈ ಸಲ ಸತ್ತದ್ದು ಇಲಿಯೇ ಎಂದು ಎರಡು ಸಲ ನೋಡಿ ರೈಟ್ ಹಾಕಿದೆ.

ಪುಟ್ಟಿ ಪೆನ್ಸಿಲ್ ಕಚ್ಚುತ್ತಾ ಯೋಚಿಸಿ ಹೇಳಿದಳು: "ಸಮ್‌ಒನ್ ಬ್ರೋಕ್ ಅಜ್ಜೀಸ್ ಪಿಕಲ್ ಜಾರ್. ಅಜ್ಜೀಸ್ ಪಿಕಲ್ ಜಾರ್ ವಾಸ್ ಬ್ರೋಕನ್."

"ವೆರಿ ಗುಡ್. ಮುಂದಿನದು" ಎಂದೆ, ಸ್ವಲ್ಪ ಬೇಗನೆ.

"ಆದ್ರೆ ಅಮ್ಮಾ, ಯಾರು ಅಂತ ಗೊತ್ತಿದ್ರೆ ಬೈ ಹಾಕ್ಬೇಕು ಅಲ್ವಾ?"

ಇಲ್ಲಿ ಮೂರು ವರ್ಷ ಹಿಂದಕ್ಕೆ ಹೋಗಬೇಕು. ಅತ್ತೆ ತವರಿನಿಂದ ತಂದ ಉಪ್ಪಿನಕಾಯಿ ಜಾಡಿ ಒಂದಿತ್ತು. ಮೇಲರ್ಧ ಕಂದು, ಕೆಳಗರ್ಧ ಹಾಲುಬಿಳಿ, ಬಾಯಿಗೆ ಬಟ್ಟೆ ಕಟ್ಟಲು ಒಂದು ಕತ್ತು. ಅದರಲ್ಲಿ ಹಾಕಿದ ಮಿಡಿಗೆ ಮಾತ್ರ ಬೂಸ್ಟು ಬರುವುದಿಲ್ಲ ಎಂದು ಅತ್ತೆಯ ನಂಬಿಕೆ. ಒಂದು ಮಧ್ಯಾಹ್ನ, ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ, ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಅಟ್ಟದಿಂದ ಜಾಡಿ ಇಳಿಸಲು ಹೋದೆ. ಫೋನು ಕೈಯಲ್ಲಿ ಉಳಿಯಿತು. ಅತ್ತೆ ಬಂದಾಗ ನಾನು ಎರಡೇ ವಾಕ್ಯ ಹೇಳಿದ್ದೆ. "ಜಾಡಿ ಒಡೆದುಹೋಯ್ತು ಅತ್ತೆ. ಮಧ್ಯಾಹ್ನ ಬೆಕ್ಕು ಬಂದಿತ್ತು."

ಎರಡೂ ನಿಜ. ಜಾಡಿ ಒಡೆದಿತ್ತು. ಬೆಕ್ಕೂ ಬಂದಿತ್ತು, ನಾಲ್ಕು ಗಂಟೆಗೆ, ಹಿತ್ತಿಲಿಗೆ, ದಿನಾ ಬರುವ ಹಾಗೆ. ಒಂದರ ಪಕ್ಕ ಒಂದನ್ನು ಇಟ್ಟದ್ದು ಬಿಟ್ಟರೆ ನಾನು ಸುಳ್ಳು ಹೇಳಿರಲಿಲ್ಲ. ಆರನೇ ಕ್ಲಾಸಿನ ಪುಟ್ಟಿ ಆ ದಿನ ಜ್ವರ ಎಂದು ಮನೆಯಲ್ಲೇ ಮಲಗಿದ್ದಳು ಎಂಬುದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮೇಜಿನ ಸುತ್ತ ಮೌನ. ಮಗನಿಗೆ ವಾಸನೆ ಹತ್ತಿತು. ಬೆಳಗಿನಿಂದ ಕುಗ್ಗಿ ಕೂತಿದ್ದವನು ನೆಟ್ಟಗಾದ. "ಬೈ ಹೂಮ್ ವಾಸ್ ಇಟ್ ಬ್ರೋಕನ್?" ಎಂದ. ಪ್ರಶ್ನಾರ್ಥಕ ವಾಕ್ಯದ ಪ್ಯಾಸಿವ್, ಅದರಲ್ಲೂ ಹೂಮ್ ಇರುವಂಥದ್ದು, ನನ್ನ ಎ ಸೆಕ್ಷನ್ನಿನ ರ‍್ಯಾಂಕ್ ಹುಡುಗಿಗೂ ಒಂದೇ ಏಟಿಗೆ ಬರುವುದಿಲ್ಲ. ಇವನಿಗೆ ಬಂತು.

ಬೇರೆ ದಾರಿಯಿರಲಿಲ್ಲ. ಅತ್ತೆಯ ಕಡೆ ತಿರುಗಿ, ಕರ್ತರಿ ಪ್ರಯೋಗದಲ್ಲಿ, "ಅತ್ತೆ, ಆವತ್ತು ಜಾಡಿ ಒಡೆದದ್ದು ನಾನೇ" ಎಂದೆ.

ಅತ್ತೆ ಬೋಗುಣಿಯ ತಳದಲ್ಲಿ ಉಳಿದ ನಾಲ್ಕು ಕಾಳುಗಳನ್ನು ಒಂದೊಂದಾಗಿ ಹಿತುಕಿದರು. ಪುಳಕ್, ಪುಳಕ್, ಪುಳಕ್, ಪುಳಕ್.

"ಗೊತ್ತು ಬಿಡಮ್ಮ" ಎಂದರು. "ಬೆಕ್ಕು ಒಡೆದಿದ್ರೆ ಚೂರುಗಳನ್ನ ಪೇಪರಲ್ಲಿ ಸುತ್ತಿ, ದಾರ ಕಟ್ಟಿ, ಎದುರುಮನೆ ಕಸದ ಬುಟ್ಟೀಲಿ ಹಾಕ್ತಿತ್ತಾ?"

ಎದುರುಮನೆ ಹುಡುಗ ನನ್ನನ್ನು ಹೊಸದಾಗಿ ನೋಡಿದ.

"ಮತ್ತೆ ಇಷ್ಟು ದಿನ ಯಾಕೆ ಕೇಳ್ಲಿಲ್ಲ ಅತ್ತೆ?"

"ಏನ್ ಕೇಳೋದು? ಟೀಚರಮ್ಮ, ಮಾತಲ್ಲಿ ನಿನ್ನ ಗೆಲ್ಲಕ್ಕಾಗುತ್ತಾ? ಅದಕ್ಕೇ ಆ ಬೆಕ್ಕಿಗೇ ದಿನಾ ಅರ್ಧ ಲೋಟ ಹಾಲು ಜಾಸ್ತಿ ಹಾಕ್ತಾ ಬಂದಿದೀನಿ. ಪಾಪ, ಮಾಡದ ತಪ್ಪಿಗೆ ಹೆಸರು ಕೆಟ್ಟಿತ್ತು."

ದಿನಕ್ಕೆ ಅರ್ಧ ಲೋಟ, ಮೂರು ವರ್ಷ. ಹಾಲಿನ ಲೆಕ್ಕ ಪ್ರತಿ ತಿಂಗಳೂ ಯಾಕೆ ಹೊಂದುವುದಿಲ್ಲ ಎಂದು ಹಾಲಿನವನ ಜೊತೆ ನಾನು ಎಷ್ಟು ಸಲ ಜಗಳ ಕಾದಿದ್ದೆ ಎಂಬುದು ನೆನಪಾಯಿತು. ಆ ಜಗಳದಲ್ಲೂ ನಾನು 'ಹಾಲು ಕಮ್ಮಿ ಬರ್ತಿದೆ' ಎಂದೇ ಹೇಳಿದ್ದೆ. ನೀನು ಕಮ್ಮಿ ಹಾಕುತ್ತಿದ್ದೀಯ ಎಂದಿರಲಿಲ್ಲ, ಅಷ್ಟೇ ಸಮಾಧಾನ.

ಯಜಮಾನರು ಪೇಪರ್ ಮಡಿಸಿ ಎದ್ದರು. "ಏನೋ ಸೀದ ವಾಸನೆ" ಎಂದರು. ಬರುತ್ತಿದೆ ಎಂದೂ ಹೇಳಲಿಲ್ಲ. ಕ್ರಿಯಾಪದವನ್ನೂ ಬಿಟ್ಟು ಮಾತಾಡುವ ಮಟ್ಟಕ್ಕೆ ಮುಟ್ಟಿದ್ದಾರೆ.

ಅಡಿಗೆಮನೆಗೆ ಓಡಿದೆ. ಪಾತ್ರೆಯ ಅಂಚಿನಲ್ಲಿ ಕಪ್ಪು ಪಟ್ಟೆ, ಸೌಟು ಹಾಕಿ ಕಲಕಿದರೆ ತಳದಲ್ಲಿ ಕರಕಲು ಹೆಕ್ಕಳಿಕೆ ಸಿಕ್ಕಿತು. ಅತ್ತೆ ಬೆಳಗಿನಿಂದ ಹಿತುಕಿದ್ದರಲ್ಲಿ ಅರ್ಧ. ಉಳಿದರ್ಧ ಇನ್ನೂ ಚಾಪೆಯ ಮೇಲಿತ್ತು ಎಂಬುದೊಂದೇ ಪುಣ್ಯ. ಒಲೆ ಆರಿಸಿ, ಉಸಿರು ಬಿಗಿಹಿಡಿದು, ಅಲ್ಲಿಂದಲೇ ಕೂಗಿದೆ:

"ಸಾರು ತಳ ಹತ್ತಿದೆ!"

ಊಟದ ಮೇಜಿನಿಂದ ಮೂರು ದನಿ ಒಟ್ಟಿಗೆ ಬಂದವು. "ಬೈ ಹೂಮ್?" ಸ್ವಲ್ಪ ತಡವಾಗಿ, ಚಾಪೆಯ ಮೇಲಿಂದ ನಾಲ್ಕನೆಯದೂ ಬಂತು. ಉಚ್ಚಾರಣೆ ಕೂಡ ಸರಿಯಾಗಿತ್ತು.

ಹಿತ್ತಿಲ ಕಿಟಕಿಯ ಸರಳಿನ ಆಚೆ ಬೆಕ್ಕು ಕೂತಿತ್ತು, ಮೂರು ವರ್ಷದ ಹಾಲಿಗೆ ದುಂಡಗಾಗಿ. ನಾನು ಅದರ ಕಡೆ ನೋಡಿದೆ. ಅದು ಒಂದು ಕ್ಷಣ ನನ್ನನ್ನೇ ನೋಡಿ, ಎದ್ದು, ಮೈ ಮುರಿದು, ಗೋಡೆ ಹಾರಿ ಹೋಯಿತು.